ಎರವಲು ತಾಳದ ಸ್ವಂತ ಹಾಡು: ಬಳಕೆದಾರರ ಕೈಪಿಡಿ

ನೀವೀಗ ಹೊಸ ಹಾಡಿನ ಮಾಲೀಕರು. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಓದುವ ತಾಳ್ಮೆಯಿಲ್ಲದೆ ಹಾಡನ್ನು ಆಗಲೇ ಯೂಟ್ಯೂಬಿಗೆ ಏರಿಸಿ, ‘ಸರ್ವ ಹಕ್ಕುಗಳೂ ನನ್ನವೇ’ ಎಂದು ಕೆಳಗೆ ಬರೆದೂ ಆಗಿದ್ದರೆ ನೇರವಾಗಿ ಕೊನೆಯ ವಿಭಾಗಕ್ಕೆ ಹೋಗಿ. ನಿಮ್ಮಂಥವರಿಗೆಂದೇ ಅದನ್ನು ಬರೆದಿದೆ.

ಪೆಟ್ಟಿಗೆಯೊಳಗೆ ಏನೇನಿದೆ

ಡ್ರಮ್ ಲೂಪ್ (ಸುತ್ತಿ ಸುತ್ತಿ ನುಡಿಯುವ ಸಿದ್ಧ ತುಣುಕು) ಒಂದು. ಬೇಸ್ ಲೂಪ್ ಒಂದು. ದೇಸಿ ಘಮಕ್ಕೆಂದು ಉದುರಿಸಿದ ತಬಲಾ ಲೂಪ್ ಒಂದು. ಇವುಗಳ ಮೇಲೆ ನೀವೇ ಕೀಬೋರ್ಡಿನಲ್ಲಿ ನುಡಿಸಿದ ಒಂದು ಮಟ್ಟು. ನಡುನಡುವೆ ನಿಮ್ಮ ಭಾವಮೈದುನ ‘ಹೇ’ ಎಂದು ಕೂಗಿದ್ದು. ಮೊದಲ ಮೂರು ನಿಮ್ಮವಲ್ಲ. ಮಟ್ಟು ನಿಮ್ಮದು. ‘ಹೇ’ ಭಾವಮೈದುನನದು, ಹಾಡಿದವರಿಗೂ ನುಡಿಸಿದವರಿಗೂ ಕಾಪಿರೈಟ್ ಕಾಯಿದೆಯಲ್ಲಿ ಪ್ರತ್ಯೇಕ ಹಕ್ಕಿದೆ. ಹಬ್ಬಕ್ಕೆ ಮನೆಗೆ ಬಂದಾಗ, ಊಟಕ್ಕೆ ಮೊದಲೇ, ಅವನಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ.

ಲೂಪು ಕೊಟ್ಟ ಕಂಪನಿ ನಿಮಗೆ ಅದರ ಒಡೆತನವನ್ನು ಮಾರಿಲ್ಲ. ಬಳಸಿಕೋ, ಹಾಡು ಓಡಿದಷ್ಟು ಸಲವೂ ಕಾಸು ಕೇಳಲು ಬರುವುದಿಲ್ಲ ಎಂದಿದೆ, ಅಷ್ಟೇ. ಮದುವೆಮನೆಗೆ ಶಾಮಿಯಾನದವರು ಬಾಡಿಗೆಗೆ ಕೊಡುವ ಕೊಳಗದ ಹಾಗೆ. ಹುಳಿ ನಿಮ್ಮದು, ಹೊಗಳಿಕೆಯೂ ನಿಮಗೇ, ಆದರೆ ಕೊಳಗದ ಕಂಠದ ಮೇಲೆ ಕೊರೆದ ಹೆಸರು ಅವರದೇ. ಅದೇ ಕೊಳಗ ನಾಳೆ ಇನ್ನೊಂದು ಛತ್ರಕ್ಕೆ ಹೋಗುತ್ತದೆ, ಹೋಗಲಿ.

ಎಚ್ಚರಿಕೆ: ‘ಫ್ರೀ ಪ್ಯಾಕ್’ ಎಂದು ಟೆಲಿಗ್ರಾಂ ಗುಂಪಿನಲ್ಲಿ ಸಿಕ್ಕ ಲೂಪುಗಳನ್ನು ಮುಟ್ಟಬೇಡಿ. ಒಳಗೆ ಯಾವ ಹಳೆಯ ಸಿನಿಮಾ ಹಾಡಿನ ಪಿಟೀಲು ಕೂತಿದೆಯೋ ಹೇಳಲಾಗದು. ಬೇರೆಯವರ ಸಂಗೀತ ಕೃತಿಯ ಹಕ್ಕು ಮುರಿದು ಮಾಡಿದ ಧ್ವನಿಮುದ್ರಣಕ್ಕೆ ಹಕ್ಕೇ ಹುಟ್ಟುವುದಿಲ್ಲ ಎಂದು 1957ರ ಕಾಪಿರೈಟ್ ಕಾಯಿದೆಯ 13ನೇ ಸೆಕ್ಷನ್ ಹೇಳುತ್ತದೆ.

ಜೋಡಿಸುವ ವಿಧಾನ

ಮ್ಯಾಕ್‌ನಲ್ಲಿ ಗ್ಯಾರೇಜ್‌ಬ್ಯಾಂಡ್ ಎಂಬ ತಂತ್ರಾಂಶ ತೆರೆದರೆ ಲೂಪುಗಳು ಎರಡು ಮುಖ್ಯ ಬಣ್ಣದಲ್ಲಿ ಕಾಣಿಸುತ್ತವೆ. ನೀಲಿಯದು ಯಾರೋ ನುಡಿಸಿ ಮುದ್ರಿಸಿಟ್ಟ ಸದ್ದು. ಕತ್ತರಿಸಬಹುದು, ವೇಗ ಬದಲಿಸಬಹುದು, ಶ್ರುತಿ ಏರಿಸಬಹುದು. ಹಸಿರಿನದು ಮಿಡಿ, ಅಂದರೆ ಸದ್ದಲ್ಲ, ಸ್ವರಗಳ ಸೂಚನೆ. ಅದರ ಮೇಲೆ ಎರಡು ಸಲ ಒತ್ತಿದರೆ ಒಳಗಿನ ಒಂದೊಂದು ಸ್ವರವೂ ಪುಟ್ಟ ಪಟ್ಟಿಯಾಗಿ ತೆರೆದುಕೊಳ್ಳುತ್ತದೆ. ಗಾಂಧಾರವನ್ನು ಎಳೆದು ಮಧ್ಯಮಕ್ಕೆ ಕೂರಿಸಬಹುದು, ಒಂದು ಪೆಟ್ಟನ್ನು ಅಳಿಸಿ ತಾಳವನ್ನು ಕುಂಟಿಸಬಹುದು. ನೀವು ನೀವಾಗುವುದು ಈ ಎಳೆದಾಟದಲ್ಲಿ. ಮೂರು ಲೂಪನ್ನು ಹಾಗೆ ಹಾಗೆಯೇ ಒಂದರ ಕೆಳಗೊಂದು ಪೇರಿಸಿ ‘ನನ್ನ ಸೃಷ್ಟಿ’ ಎಂದರೆ ಭಾವಮೈದುನನೂ ನಂಬುವುದಿಲ್ಲ.

ಎಷ್ಟು ಎಳೆದಾಡಿದರೆ ಸಾಕು? ತೂಕದ ಕಲ್ಲು ಯಾರ ಬಳಿಯೂ ಇಲ್ಲ. 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ. ಬಿ. ಮೋದಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಅಳತೆ ಕೊಟ್ಟಿತು. ಅದು ಕಾನೂನು ವರದಿಗಳ ಜಗಳ, ಸಂಗೀತಕ್ಕೂ ಅದಕ್ಕೂ ನಂಟಿಲ್ಲ. ಆದರೂ ಮಾತು ನಮಗೂ ಅನ್ವಯಿಸುತ್ತದೆ. ಬೆವರು ಸುರಿಸಿದ್ದಷ್ಟೇ ಸಾಲದು, ಚಿಟಿಕೆಯಷ್ಟಾದರೂ ಸೃಜನಶೀಲತೆ ಇರಬೇಕು. ರಾತ್ರಿಯಿಡೀ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ ಎಂಬ ವಾದ ನಡೆಯುವುದಿಲ್ಲ.

ಲೂಪು ಹಾಕಿದ್ದಕ್ಕೆ ನಾಚಿಕೆ ಪಡಬೇಕಾಗಿಲ್ಲ. 2007ರಲ್ಲಿ ರಿಹಾನ್ನಾ ಹಾಡಿದ ‘ಅಂಬ್ರೆಲ್ಲಾ’ ಜಗತ್ತೆಲ್ಲ ಸುತ್ತಿತು. ಅದರ ಡ್ರಮ್ಮು ಗ್ಯಾರೇಜ್‌ಬ್ಯಾಂಡಿನ ‘ವಿಂಟೇಜ್ ಫಂಕ್ ಕಿಟ್ 03’ ಎಂಬ ಲೂಪು. ಅದನ್ನು ನೀವೂ ಎಳೆದು ಹಾಕಬಹುದು, ಯಾರೂ ಕೇಳುವುದಿಲ್ಲ. ‘ಅಂಬ್ರೆಲ್ಲಾ’ದ ಮಟ್ಟನ್ನು ಎಳೆದು ಹಾಕಿ ನೋಡಿ, ಆಮೇಲೆ ಗೊತ್ತಾಗುತ್ತದೆ. ಎರವಲು ಸರಕಿನಲ್ಲಿ ಸ್ವಂತದ್ದನ್ನು ಕಟ್ಟುವುದು ನಮ್ಮವರಿಗೆ ಹೊಸ ವಿಷಯವೂ ಅಲ್ಲ. ಮೋಹನ ರಾಗ ಯಾರಪ್ಪನ ಸ್ವತ್ತೂ ಅಲ್ಲ, ಆದಿತಾಳಕ್ಕೆ ಪಹಣಿ ಇಲ್ಲ. ಅವುಗಳಲ್ಲಿ ಕೂರಿಸಿದ ಕೃತಿಗೆ ಮಾತ್ರ ಕರ್ತೃ ಇದ್ದಾನೆ.

ನೋಂದಣಿ

ಹಾಡು ಹುಟ್ಟಿದ ಗಳಿಗೆಗೇ ಹಕ್ಕೂ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ಜಗಳ ಕೋರ್ಟಿಗೆ ಹೋದಾಗ ನೋಂದಣಿ ಪುಸ್ತಕದ ನಮೂದು ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಪೆನ್‌ಡ್ರೈವನ್ನು ಲಕೋಟೆಗೆ ಹಾಕಿ ನಿಮ್ಮ ವಿಳಾಸಕ್ಕೆ ನೀವೇ ಅಂಚೆಯಲ್ಲಿ ಕಳಿಸಿಕೊಳ್ಳುವ ಉಪಾಯಕ್ಕೆ ಕಾಯಿದೆಯಲ್ಲಿ ಜಾಗವಿಲ್ಲ. ಅಂಚೆಯಣ್ಣನಿಗೆ ಒಂದು ಸಹಿ ಸಿಗುತ್ತದೆ, ಅಷ್ಟೇ.

ಫಾರ್ಮ್ 14 ತುಂಬಿ. ನಿಮಗೆ ಒಂದೇ ಆಗಿ ಕಾಣುವ ಹಾಡು ದೆಹಲಿಯ ಕಾಪಿರೈಟ್ ಕಚೇರಿಗೆ ಮೂರಾಗಿ ಕಾಣುತ್ತದೆ: ಸಾಹಿತ್ಯ (ಇದ್ದರೆ) ಒಂದು, ಮಟ್ಟು ಒಂದು, ಧ್ವನಿಮುದ್ರಣ ಒಂದು. ಮೊದಲೆರಡಕ್ಕೆ ತಲಾ 500 ರೂಪಾಯಿ, ಮೂರನೆಯದಕ್ಕೆ 2,000. ಅರ್ಜಿ ಹಾಕಿದ ಮೇಲೆ ಯಾರಾದರೂ ತಕರಾರು ಎತ್ತುತ್ತಾರೋ ಎಂದು 30 ದಿನ ಕಾಯಬೇಕು. ಕೃತಿ ಮೂಲದ್ದೋ, ಅನುವಾದವೋ, ರೂಪಾಂತರವೋ ಎಂದು ಫಾರಂ ಕೇಳುತ್ತದೆ. ‘ಲೂಪಿನ ಪಟ್ಟಿಯಿಂದ ಎಳೆದು ತಂದು ಇಟ್ಟದ್ದು’ ಎಂಬ ಆಯ್ಕೆ ಅಲ್ಲಿಲ್ಲ. ಹಾಗಾಗಿ ಮಟ್ಟು, ಜೋಡಣೆ, ಸಾಹಿತ್ಯ ಇಷ್ಟಕ್ಕೆ ಮಾತ್ರ ಕೈ ಚಾಚಿ. ಲೂಪುಗಳು ಪರವಾನಗಿಯ ಮೇಲೆ ಬಳಸಿದವು ಎಂದು ಬರೆದುಬಿಡಿ. ಹೀಗೆ ಬರೆದವನ ಅರ್ಜಿ ಸಣ್ಣದಾಗಿ ಕಾಣುತ್ತದೆ ನಿಜ, ಆದರೆ ಮುಂದೆ ಪಾಟೀಸವಾಲಿನಲ್ಲಿ ತೊದಲಬೇಕಾಗುವುದಿಲ್ಲ.

ಅವಧಿ: ಮಟ್ಟಿಗೆ ನಿಮ್ಮ ಜೀವಮಾನ ಮತ್ತು ಅದರ ಮೇಲೆ 60 ವರ್ಷ. ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ. ಮೊಮ್ಮಕ್ಕಳು ಕೇಳುತ್ತಾರೋ ಇಲ್ಲವೋ, ಒಡೆಯರಂತೂ ಆಗಿರುತ್ತಾರೆ.

ತೊಂದರೆ ಮತ್ತು ಪರಿಹಾರ

ನಿಮ್ಮ ಹಾಡಿನ ಮೇಲೆ ಯಾರೋ ಗುರುತಿಲ್ಲದವರು ಹಕ್ಕು ಸಾಧಿಸಿದ್ದಾರೆ; ಜಾಹೀರಾತಿನ ಕಾಸು ಅವರ ಪಾಲಾಗುತ್ತಿದೆ. ಗಾಬರಿಯಾಗಬೇಡಿ. ಅವರೂ ನಿಮ್ಮ ಹಾಗೆಯೇ ಅದೇ ತಬಲಾ ಲೂಪನ್ನು ಹಾಕಿ, ಹಾಡನ್ನು ಯೂಟ್ಯೂಬಿನ ಸದ್ದು ಹೋಲಿಸುವ ಯಂತ್ರವಾದ ಕಂಟೆಂಟ್ ಐಡಿಗೆ ಸೇರಿಸಿದ್ದಾರೆ. ಆ ಯಂತ್ರಕ್ಕೆ ಮಟ್ಟು ಯಾರದು, ಕೊಳಗ ಯಾರದು ಗೊತ್ತಾಗುವುದಿಲ್ಲ. ಸದ್ದಿಗೆ ಸದ್ದು ಹೊಂದಿತೋ, ಮುದ್ರೆ ಒತ್ತುತ್ತದೆ. ಹತ್ತು ಜನರಿಗೆ ಕೊಟ್ಟ ಲೂಪಿರುವ ಹಾಡನ್ನು ಅಲ್ಲಿಗೆ ಹಾಕಕೂಡದು ಎಂದು ಯೂಟ್ಯೂಬಿನ ನಿಯಮವೇ ಹೇಳುತ್ತದೆ, ತಮಗೊಬ್ಬರಿಗೇ ಸೇರಿದ್ದನ್ನಷ್ಟೇ ಅಲ್ಲಿ ಕೊಡಬೇಕು. ಡಿಸ್ಪ್ಯೂಟ್ ಗುಂಡಿ ಒತ್ತಿ, ಲೂಪಿನ ಪರವಾನಗಿಯ ವಿವರ ಬರೆಯಿರಿ. ಎದುರಿನವರಿಗೆ ಉತ್ತರಿಸಲು 30 ದಿನ. ಅಷ್ಟರಲ್ಲಿ ಅವರು ಬಾಯಿ ಬಿಡದಿದ್ದರೆ ಹಕ್ಕಿನ ಸೊಲ್ಲು ತಾನಾಗಿ ಬಿದ್ದುಹೋಗುತ್ತದೆ.

ಈಗ ಕನ್ನಡಿ ನೋಡಿಕೊಳ್ಳಿ. ಹಾಡು ಹಂಚುವ ಸಂಸ್ಥೆಯ ಪುಟದಲ್ಲಿ ‘ಕಂಟೆಂಟ್ ಐಡಿಗೂ ಸೇರಿಸಿ’ ಎಂಬ ಚೌಕಕ್ಕೆ ನೀವೂ ಟಿಕ್ ಹಾಕಿದ್ದೀರಾ? ಇವತ್ತೇ ತೆಗೆಯಿರಿ. ಇಲ್ಲವಾದರೆ ಹುಬ್ಬಳ್ಳಿಯಲ್ಲೋ ಬ್ರೆಜಿಲ್‌ನಲ್ಲೋ ಇನ್ನೊಬ್ಬ ಹುಡುಗನ ಮೊದಲ ಹಾಡಿಗೆ ನಿಮ್ಮ ಹೆಸರಿನಲ್ಲಿ ನೋಟಿಸು ಹೋಗುತ್ತದೆ.

ಲೂಪು ಇಳಿಸಿಕೊಂಡ ದಿನವೇ ಅದರ ಪರವಾನಗಿಯ ಪುಟವನ್ನೂ ಬಿಲ್ಲನ್ನೂ ಪಿಡಿಎಫ್ ಮಾಡಿ ಹಾಡಿನ ಫೋಲ್ಡರಿನಲ್ಲೇ ಇಟ್ಟುಕೊಳ್ಳಿ. ಕಂಪನಿ ಬಾಗಿಲು ಹಾಕಿದ ಮೇಲೆ ಆ ಪುಟ ಸಿಗುವುದಿಲ್ಲ.