ಜಂತುರಾಯರು

ಬಡಾವಣೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂತ ಸುದ್ದಿಯಾದರೆ, ಡಾಕ್ಟರು ಬಯಾಪ್ಸಿ ರಿಪೋರ್ಟು ಓದಿ ಮುಗಿಸುವುದರೊಳಗೆ ಜಂತುರಾಯರು ಆ ಮನೆಯ ಗೇಟಿನ ಚಿಲಕ ತೆಗೆದಿರುತ್ತಾರೆ. ಉಳಿದವರು ರೋಗಿಯನ್ನು ನೋಡಲು ಮೂಸಂಬಿ, ಬ್ರೆಡ್ಡು ಹಿಡಿದು ಬರುತ್ತಾರೆ. ಇವರ ಕೈಯಲ್ಲಿರುವುದು ಬಟ್ಟೆ ಅಂಗಡಿಯವರು ಯಾವಾಗಲೋ ಕೊಟ್ಟ ಕೈಚೀಲ. ಅದರೊಳಗೆ ಐವರ್‌ಮೆಕ್ಟಿನ್ ಎರಡು ಸ್ಟ್ರಿಪ್ಪು, ಸಾಕುಪ್ರಾಣಿಗಳ ಅಂಗಡಿಯಿಂದ ತಂದ ನಾಯಿಯ ಜಂತುಮಾತ್ರೆ ಫೆನ್‌ಬೆಂಡಜೋಲ್, ಅರಿಶಿನದ ಕ್ಯಾಪ್ಸೂಲಿನ ಡಬ್ಬಿ, ವಿಟಮಿನ್ ಡಿ ಪುಡಿಯ ಪೊಟ್ಟಣಗಳು, ಪೇಪರಿನಲ್ಲಿ ಸುತ್ತಿದ ಲಕ್ಷ್ಮಣಫಲದ ಎಲೆ, ಜೊತೆಗೊಂದು ನೋಟ್‌ಬುಕ್ಕು.

ಅವರ ನಿಜವಾದ ಹೆಸರು ಪಿಂಚಣಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಎಂಥ ಕಾಯಿಲೆಗೂ ಜಂತುಹುಳುವಿನ ಮಾತ್ರೆ ಹೇಳುವವರಾದ್ದರಿಂದ ಜಂತುರಾಯರು. ಇಂಥವರು ಮೈಸೂರಿನ ನಮ್ಮ ಬಡಾವಣೆಯೊಂದರ ಸ್ವತ್ತೇನಲ್ಲ. ನಿಮ್ಮ ಬೀದಿಯಲ್ಲೂ ಇರುತ್ತಾರೆ, ರಿಟೈರಾದ ಬ್ಯಾಂಕ್ ಮ್ಯಾನೇಜರಾಗಿಯೋ ಹೆಂಡತಿಯ ಸೋದರಮಾವನಾಗಿಯೋ. ನಮ್ಮವರು ಕೆಇಬಿಯಲ್ಲಿ ಎಂಜಿನಿಯರಾಗಿದ್ದವರು. ದೇಹವೂ ಒಂದು ಟ್ರಾನ್ಸ್‌ಫಾರ್ಮರು, ಎಣ್ಣೆ ಬದಲಾಯಿಸಿದರೆ ಇನ್ನಿಪ್ಪತ್ತು ವರ್ಷ ಓಡುತ್ತದೆ ಅನ್ನುವುದು ಅವರ ವೈದ್ಯಶಾಸ್ತ್ರ.

ಹಾಗಂತ ದಡ್ಡರು ಅಂದುಕೊಳ್ಳಬೇಡಿ. ಅವರು ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ, ಕಷ್ಟವಿರುವುದೇ ಅಲ್ಲಿ. ಐವರ್‌ಮೆಕ್ಟಿನ್ನಿನ ಮೂಲ ಜಪಾನಿನ ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿ ಅನ್ನುತ್ತಾರೆ. ನಿಜ. ಅದನ್ನು ಕಂಡುಹಿಡಿದ ಓಮುರಾ ಮತ್ತು ಕ್ಯಾಂಪ್‌ಬೆಲ್‌ಗೆ 2015ರಲ್ಲಿ ನೊಬೆಲ್ ಬಂತು ಅನ್ನುತ್ತಾರೆ. ಅದೂ ನಿಜ. ಬಸುರಿಯರಿಗೆ ಕೊಟ್ಟು ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಊನವಾಗಿ ಹುಟ್ಟಿದ ಮೇಲೆ 1961ರಲ್ಲಿ ಮಾರುಕಟ್ಟೆಯಿಂದ ತೆಗೆದುಹಾಕಿದ ಥಾಲಿಡೊಮೈಡ್, 2006ರಲ್ಲಿ ಮಯಲೋಮಾ ಎಂಬ ಕ್ಯಾನ್ಸರಿನ ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದನ್ನು ಅವರ ಬಾಯಲ್ಲೇ ಕೇಳಬೇಕು. ಎದೆನೋವಿಗೆಂದು ಹೊರಟ ಸಿಲ್ಡೆನಫಿಲ್ ಕಡೆಗೆ ಯಾವ ಊರು ಸೇರಿತು ಅನ್ನುವ ಕಥೆಯನ್ನು ಮಾತ್ರ, ಹೆಂಗಸರಿದ್ದರೆ ಅರ್ಧಕ್ಕೆ ನಿಲ್ಲಿಸಿ ಕೆಮ್ಮುತ್ತಾರೆ. ಹಳೇ ಮಾತ್ರೆ ನಾಲ್ಕಕ್ಕೆ ಹೊಸ ಕೆಲಸ ಸಿಕ್ಕಿದೆ, ಅಂದಮೇಲೆ ತಮ್ಮ ಚೀಲದಲ್ಲಿರುವ ಅಷ್ಟಕ್ಕೂ ಸಿಕ್ಕೇ ಸಿಗಬೇಕು. ರಾಯರ ಲೆಕ್ಕ ಇಷ್ಟೇ.

2021ರ ಮೇ ತಿಂಗಳಲ್ಲಿ ಗೋವಾ ಸರ್ಕಾರ ಕೋವಿಡ್ ತಡೆಯಲು ಹದಿನೆಂಟು ದಾಟಿದವರಿಗೆಲ್ಲ ಐವರ್‌ಮೆಕ್ಟಿನ್ ಕೊಡುತ್ತೇವೆ ಅಂದಿತಲ್ಲ, ಅವತ್ತು ರಾಯರ ಪಟ್ಟಾಭಿಷೇಕ. ಬ್ರೆಜಿಲಿನಲ್ಲಿ 1,358 ಕೋವಿಡ್ ರೋಗಿಗಳ ಮೇಲೆ ಪರೀಕ್ಷೆ ನಡೆಸಿ, ಅದರಿಂದ ಆಸ್ಪತ್ರೆ ಸೇರುವುದೇನೂ ತಪ್ಪಲಿಲ್ಲ ಅಂತ ಮರುವರ್ಷ ವರದಿ ಬಂತು. ಅಷ್ಟರಲ್ಲಿ ರಾಯರು ಕೋವಿಡ್ ಬಿಟ್ಟು ಕ್ಯಾನ್ಸರಿಗೆ ಬಡ್ತಿ ಪಡೆದಿದ್ದರು.

ನಮ್ಮ ಎದುರುಮನೆಯ ಮೇಷ್ಟ್ರಿಗೆ ದೊಡ್ಡ ಕರುಳಿನ ಕ್ಯಾನ್ಸರು. ಬೆಂಗಳೂರಿನ ಕಿದ್ವಾಯಿಯಲ್ಲಿ ಆಪರೇಷನ್ ಆಗಿ ಕೀಮೋ ನಡೆಯುತ್ತಿತ್ತು. ರಾಯರು ಬಂದು ಹಾಸಿಗೆ ಪಕ್ಕದ ಕುರ್ಚಿ ಹಿಡಿದರು. ಮೇಷ್ಟ್ರ ಮಗಳು ಬಿ.ಫಾರ್ಮ ಓದಿದವಳು, ಬಾಗಿಲಿಗೆ ಒರಗಿ ನಿಂತಿದ್ದಳು.

"ಶುಗರ್ ಮಾತ್ರೆ ಇದೆಯಲ್ಲಮ್ಮಾ, ಮೆಟ್‌ಫಾರ್ಮಿನ್ನು, ಅದೂ ಕ್ಯಾನ್ಸರಿಗೆ ಒಳ್ಳೇದು. ಇವರು ಮುಚ್ಚಿಟ್ಟಿದಾರೆ ಅಷ್ಟೆ."

"ಮುಚ್ಚಿಟ್ಟಿಲ್ಲ ಅಂಕಲ್. ಸ್ತನ ಕ್ಯಾನ್ಸರ್ ಇದ್ದ 3,649 ಜನಕ್ಕೆ ಕೊಟ್ಟು ನೋಡಿ 2022ರಲ್ಲಿ ಪ್ರಕಟಿಸಿದಾರೆ. ಸುಮ್ಮನೆ ಹುಸಿಮಾತ್ರೆ ನುಂಗಿದವರಿಗೂ ಇದನ್ನ ನುಂಗಿದವರಿಗೂ ವ್ಯತ್ಯಾಸ ಬರಲಿಲ್ಲ."

"ಹೇಗೆ ಬರುತ್ತೆ? ಎರಡು ರೂಪಾಯಿ ಮಾತ್ರೆ ಗೆದ್ದರೆ ಕಂಪನಿಗಳು ಬೀದಿಗೆ ಬರಲ್ವಾ?"

"ಎರಡು ರೂಪಾಯಿ ಮಾತ್ರೇನೂ ಪರೀಕ್ಷೆ ಮಾಡ್ತಾರೆ ಅಂತ ಆಯ್ತಲ್ಲ ಅಂಕಲ್."

ರಾಯರು ಈ ಮಾತನ್ನು ಬದಿಗೆ ಸರಿಸಿ ಚೀಲದಿಂದ ಅರಿಶಿನದ ಡಬ್ಬಿ ತೆಗೆದರು. ಬರೀ ಅರಿಶಿನ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಮೆಣಸಿನ ಸತ್ವ ಜೊತೆಗಿರಬೇಕು ಅಂತ ವಿವರಿಸಿದರು. ಅದೂ ನಿಜವೇ. ಹಾಗೆ ಚೆನ್ನಾಗಿ ಸೇರುವ ಅರಿಶಿನ ಕೆಲವರ ಲಿವರನ್ನು ಕೆಡಿಸಿರುವುದೂ ನಿಜ, ಅದು ಉಪನ್ಯಾಸದಲ್ಲಿ ಬರಲಿಲ್ಲ. ಮಾತಿನುದ್ದಕ್ಕೂ ಅವರ ಹೆಬ್ಬೆರಳು ಡಬ್ಬಿಯ ಒಂದೇ ಜಾಗದ ಮೇಲೆ ಕೂತಿತ್ತು. ಟೀಪಾಯಿಯ ಮೇಲೆ ಇಟ್ಟಾಗ ನೋಡಿದೆ: ಎಂಆರ್‌ಪಿ 1,850 ರೂಪಾಯಿ. ಬೀದಿಗೆ ಬರುವ ಕಂಪನಿ ಇದಂತೂ ಅಲ್ಲ.

ಅವರ ನೋಟ್‌ಬುಕ್ಕನ್ನು ನಾನು ತಿರುವಿಹಾಕಿದ್ದೇನೆ. ಎಡಗಡೆ ಹೆಸರು, ಬಲಗಡೆ ಷರಾ. ಮೊದಲನೆಯ ಪುಟದಲ್ಲಿ ಅಮೆರಿಕದ ಓಕ್ಲಹೋಮಾದ ಒಬ್ಬಾತ, ನಾಯಿಯ ಜಂತುಮಾತ್ರೆ ನುಂಗಿ ಶ್ವಾಸಕೋಶದ ಕ್ಯಾನ್ಸರ್ ಗೆದ್ದವನು. ಆತ ಅದೇ ಹೊತ್ತಿನಲ್ಲಿ ಇಮ್ಯುನೊಥೆರಪಿ ಔಷಧದ ಪ್ರಯೋಗದಲ್ಲೂ ಇದ್ದ ಅನ್ನುವುದಕ್ಕೆ ಷರಾದಲ್ಲಿ ಜಾಗ ಸಾಲಲಿಲ್ಲವೇನೋ. ಆತನ ಕಥೆ ಕೇಳಿ 2019ರಲ್ಲಿ ದಕ್ಷಿಣ ಕೊರಿಯಾದ ಅಂಗಡಿಗಳಲ್ಲಿ ನಾಯಿಮಾತ್ರೆಯೇ ಸಿಗದಂತಾಯಿತು. ಅಲ್ಲಿನ ಒಬ್ಬ ಹಾಸ್ಯನಟ ಎಲ್ಲರಿಗೂ ತಿಳಿಸಿಯೇ ನುಂಗಿದ, ಫಲವಿಲ್ಲ ಅಂತ ತಾನೇ ಹೇಳಿ ಬಿಟ್ಟ, 2021ರಲ್ಲಿ ತೀರಿಕೊಂಡ. ಅವನ ಹೆಸರು ನೋಟ್‌ಬುಕ್ಕಿನಲ್ಲಿಲ್ಲ. ಹೋದವರನ್ನು ಬರೆದಿಡುವುದು ಅಪಶಕುನ.

ಊರವರೇ ಹೋದಾಗ ಬರೆಯದೆ ವಿಧಿಯಿಲ್ಲ. ಅಂಥಲ್ಲಿ "ಪಥ್ಯ ಕೆಡಿಸಿದರು", "ಮೊಸರು ಬಿಡಲಿಲ್ಲ", "ಕೀಮೋ ಕೆಡಿಸಿತು". ಬದುಕಿದವರ ಹೆಸರಿನ ಮುಂದೆ ಕೀಮೋದ ಪ್ರಸ್ತಾಪವಿಲ್ಲ. ಸ್ವಂತ ಭಾವಮೈದುನನ ಹೆಸರೂ ಒಂದು ಕಡೆ ಇದೆ. ವಾರಕ್ಕೊಂದು ತಗೊಳ್ಳಬೇಕಾದ 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿಯನ್ನು ರಾಯರ ಮಾತು ಕೇಳಿ ದಿನಾ ಹಾಲಿಗೆ ಬೆರೆಸಿ ಕುಡಿದ ಮನುಷ್ಯ. ವಿಪರೀತ ಬಾಯಾರಿಕೆ, ಮಲಬದ್ಧತೆ, ವಾಂತಿ, ಕೊನೆಗೆ ಹೆಂಡತಿಯನ್ನೇ ಯಾರು ಅಂತ ಕೇಳುವಷ್ಟು ಮಂಪರು. ಆಸ್ಪತ್ರೆಯವರು ರಕ್ತದಲ್ಲಿ ಕ್ಯಾಲ್ಸಿಯಂ ಏರಿದೆ, ಕಿಡ್ನಿಗೆ ಪೆಟ್ಟಾಗಿದೆ ಅಂತ ಮಲಗಿಸಿಕೊಂಡರು. ಷರಾ: "ವಿಷ ಹೊರಗೆ ಹೋಗುತ್ತಿದೆ."

ಇಷ್ಟಾದರೂ ಯಾರೂ ಅವರಿಗೆ ಗೇಟು ಹಾಕುವುದಿಲ್ಲ, ನಾನೂ ಹಾಕಿಲ್ಲ. ಡಾಕ್ಟರ ಮುಂದೆ ಕುಳಿತರೆ ಹಿಂದಿನ ಟೋಕನ್ನಿನವರು ಬಾಗಿಲಲ್ಲಿ ಇಣುಕುತ್ತಿರುತ್ತಾರೆ. ರಾಯರು ಒಂದೂವರೆ ಗಂಟೆ ಕೂರುತ್ತಾರೆ. ಮೇಷ್ಟ್ರು ಬೆಂಗಳೂರಿಗೆ ಹೊರಡುವ ದಿನ ಬೆಳಗಿನ ಜಾವ ಸ್ಕೂಟರಿನಲ್ಲಿ ರೈಲ್ವೆ ಸ್ಟೇಷನ್ನಿಗೆ ಬಿಟ್ಟವರು ಅವರೇ. ರಕ್ತ ಬೇಕೆಂದಾಗ ಇಬ್ಬರು ಹುಡುಗರನ್ನು ಹಿಡಿದು ತಂದವರೂ ಅವರೇ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾವೇ ಅವರಿಗೊಂದು ಸನ್ಮಾನ ಮಾಡಿ ಹಾರ ಹಾಕುತ್ತಿದ್ದೆವು.

ಮೇಷ್ಟ್ರ ಹೆಂಡತಿಗೆ ಇದೆಲ್ಲ ಗೊತ್ತು. ಆಕೆ ವಾದಕ್ಕೆ ಹೋದವರಲ್ಲ. ರಾಯರು ಕೊಟ್ಟದ್ದನ್ನೆಲ್ಲ ಎರಡು ಕೈಯಲ್ಲಿ ಇಸಕೊಂಡು, ಅವುಗಳ ಹೆಸರಿನ ಚೀಟಿಯನ್ನು ಕಿದ್ವಾಯಿಯ ಡಾಕ್ಟರಿಗೇ ತೋರಿಸಿ ಕೇಳಿದ್ದರು. ಇವುಗಳಲ್ಲಿ ಒಂದನ್ನೂ ಕೀಮೋ ಜೊತೆ ಕೊಡಬೇಡಿ ಅಂತ ಡಾಕ್ಟರು ಅಂದಿದ್ದರಂತೆ. ಲಕ್ಷ್ಮಣಫಲದ ಎಲೆ ತಿಪ್ಪೆಗೆ ಹೋಯಿತು. ನಾಯಿಮಾತ್ರೆಯನ್ನು ಬಿಸಾಡಲು ಅವರಿಗೆ ಮನಸ್ಸು ಬರಲಿಲ್ಲ. ಗೇಟಿನ ಹತ್ತಿರ ಮಲಗುವ ಬೀದಿನಾಯಿ ರಾಣಿಗೆ, ಪಶುವೈದ್ಯರನ್ನು ಕೇಳಿ, ಇಡ್ಲಿಯೊಳಗೆ ಇಟ್ಟು ತಿನ್ನಿಸಿದರು.

ಕೀಮೋ ಮುಗಿದು ಸ್ಕ್ಯಾನಿನಲ್ಲಿ ಏನೂ ಕಾಣುತ್ತಿಲ್ಲ ಅಂತ ಬಂದ ಸಂಜೆ ರಾಯರು ಹಾಜರಾದರು. ನೋಟ್‌ಬುಕ್ಕು ಬಿಚ್ಚಿ ಮೇಷ್ಟ್ರ ಹೆಸರಿನ ಎದುರು ಕೆಂಪು ಶಾಯಿಯಲ್ಲಿ ಬರೆದರು: "ಫೆನ್‌ಬೆಂಡಜೋಲ್. ಸಂಪೂರ್ಣ ಗುಣ." ಮಗಳು ಏನೋ ಹೇಳಹೊರಟಿದ್ದಳು, ತಾಯಿ ಕಣ್ಣಿನಲ್ಲೇ ತಡೆದರು.

"ನಿಲ್ಲಿಸಬಾರದು ತಂಗಿ, ಇನ್ನು ಮೂರು ತಿಂಗಳು ಕೊಡ್ತಾ ಇರು. ನಾಳೆನೇ ತಂದುಕೊಡ್ತೀನಿ."

"ತನ್ನಿ ರಾಯರೇ, ಈ ಸಲ ಎರಡು ಸ್ಟ್ರಿಪ್ಪು ಜಾಸ್ತೀನೇ ತನ್ನಿ," ಅಂದರು ಆಕೆ ಕಾಫಿ ಲೋಟ ಎತ್ತಿಕೊಳ್ಳುತ್ತ. ಮೊನ್ನೆ ರಾಣಿ ಐದು ಮರಿ ಹಾಕಿತ್ತು.