ಮಿಯಾಟಾ ಪಾಠಸಂಪಾದನೆ: ಸಸ್ಪೆನ್ಷನ್ ಕಾಂಡಕ್ಕೊಂದು ಪೀಠಿಕೆ

ಪ್ರಸ್ತುತ ಕೃತಿಯ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ. 1989ರ ಫೆಬ್ರುವರಿಯಲ್ಲಿ ಶಿಕಾಗೋ ವಾಹನ ಪ್ರದರ್ಶನದಲ್ಲಿ ಮಾಜ್ದಾ ಕಂಪನಿ ಎಂಎಕ್ಸ್-5 ಮಿಯಾಟಾವನ್ನು ಲೋಕಾರ್ಪಣೆ ಮಾಡಿತು. ಕರ್ತೃತ್ವದ ಪ್ರಶ್ನೆ ತುಸು ತೊಡಕಿನದು. ಇಂಥದೊಂದು ಕಾರು ಬೇಕೆಂದು ಬೆನ್ನು ಹತ್ತಿದವರು ಅಮೆರಿಕದ ಪತ್ರಕರ್ತ ಬಾಬ್ ಹಾಲ್. ಯೋಜನೆಯ ಹೊಣೆ ಹೊತ್ತವರು ತೊಶಿಹಿಕೊ ಹಿರಾಯ್. ಛಾಯೆ 1960ರ ದಶಕದ ಬ್ರಿಟಿಷ್ ತೆರೆದ ಕಾರುಗಳದು, ಎಣ್ಣೆ ಸೋರುವ ಪ್ರಸಂಗಗಳನ್ನು ಮಾತ್ರ ಕೈಬಿಡಲಾಗಿದೆ. ಕುದುರೆಯೂ ಸವಾರನೂ ಒಂದೇ ಜೀವವಾಗಬೇಕೆಂಬುದು ಹಿರಾಯ್ ತಂಡದ ಸಂಕಲ್ಪವಾಗಿತ್ತು. ಸವಾರನ ಬೆನ್ನುಮೂಳೆಯ ವಿಷಯ ಆ ಸಂಕಲ್ಪದಲ್ಲಿ ಬರುವುದಿಲ್ಲ; ಅದು ಉತ್ತರಕಾಲೀನ ಸೇರ್ಪಡೆ.

ಈಗ ದೊರೆಯುವ ಆದಿಕಾಲದ ಪ್ರತಿಗಳಿಗೆಲ್ಲ ಮೂವತ್ತು ದಾಟಿದೆ. ಒಂದೊಂದೂ ಹಲವು ಒಡೆಯರ ಕೈ ಹಾಯ್ದು ಬಂದಿದೆ. ಓಲೆಗರಿ ನಕಲು ಮಾಡುವ ಲಿಪಿಕಾರರಲ್ಲಿ ಎರಡು ಬಗೆ: ವಿಷಯ ತಿಳಿಯದೆ ತಪ್ಪುವವನು, ವಿಷಯ ತಿಳಿದಿದೆಯೆಂದುಕೊಂಡು ತಿದ್ದುವವನು. ಎರಡನೆಯವನೇ ಅಪಾಯಕಾರಿ. ಅವನ ಕೈಗೆ ಸ್ಪ್ಯಾನರ್ ಕೊಟ್ಟರೆ ಆಗುವ ಅನಾಹುತವೇ ಈ ಪ್ರಬಂಧದ ವಸ್ತು.

ನಮ್ಮ ಸಂಪಾದನೆಗೆ ಆಧಾರವಾದದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಕನ್ನಡಿಗ ಎಂಜಿನಿಯರೊಬ್ಬರ ಗ್ಯಾರೇಜಿನಲ್ಲಿರುವ ಕೆಂಪು ಪ್ರತಿ. ಸಂಕ್ಷೇಪವಾಗಿ ಅದನ್ನು ‘ಫ್ರೀ’ ಪ್ರತಿ ಎಂದು ಕರೆದಿದ್ದೇವೆ. ಬಿಟ್ಟಿ ಸಿಕ್ಕಿತೆಂದು ಯಾರೂ ಭಾವಿಸಬಾರದು.

ಮೂಲಪಾಠ ಹೀಗಿದೆ. ನಾಲ್ಕೂ ಚಕ್ರಗಳನ್ನು ಮೇಲೊಂದು, ಕೆಳಗೊಂದು ಲೋಹದ ತೋಳುಗಳು ಹಿಡಿದುಕೊಂಡಿವೆ. ತೋಳುಗಳ ಅಳತೆ ಬೇರೆಬೇರೆ ಇರುವುದರಿಂದ ಚಕ್ರ ಮೇಲೇರಿದಂತೆ ಅದರ ನೆತ್ತಿ ಒಳಕ್ಕೆ ವಾಲುತ್ತದೆ. ತಿರುವಿನಲ್ಲಿ ಮೈ ಹೊರಕ್ಕೆ ವಾಲಿದಾಗಲೂ ಹೊರಬದಿಯ ಟೈರು ಆದಷ್ಟು ಚಪ್ಪಟೆಯಾಗಿ ನೆಲ ಕಚ್ಚಿರುತ್ತದೆ. ಭಾರ ಹೊರುವುದು ಸ್ಪ್ರಿಂಗು. ಸ್ಪ್ರಿಂಗಿನ ಕುಣಿತವನ್ನು ಎಣ್ಣೆಯ ಕಿರುರಂಧ್ರಗಳಲ್ಲಿ ತೂರಿಸಿ, ಶಾಖವಾಗಿ ಕರಗಿಸುವುದು ಶಾಕ್ ಅಬ್ಸಾರ್ಬರು. ಕಾರಿನ ಒಟ್ಟು ತೂಕ ಒಂದು ಟನ್ನಿನ ಒಳಗೆ. ಇಷ್ಟು ಸರಳವಾದ ಪಾಠಕ್ಕೆ ಭಾಷ್ಯಗಳ ರಾಶಿ ಏಕೆ ಬೆಳೆಯಿತು ಎಂಬ ಪ್ರಶ್ನೆಗೆ, ಭಾಷ್ಯ ಮಾರುವ ಅಂಗಡಿಗಳಿದ್ದವು ಎಂಬುದೇ ಸಮರ್ಪಕ ಉತ್ತರ.

‘ಫ್ರೀ’ ಪ್ರತಿಯಲ್ಲಿ ಯಾವನೋ ಲಿಪಿಕಾರ ಸ್ಪ್ರಿಂಗುಗಳ ಒಂದೊಂದು ಸುತ್ತನ್ನೇ ಕತ್ತರಿಸಿ ಕಾರನ್ನು ತಗ್ಗಿಸಿದ್ದಾನೆ. ಗ್ರಂಥಸಂಪಾದನಾಶಾಸ್ತ್ರದಲ್ಲಿ ಇದು ಲೋಪ. ನೋಟಕ್ಕೆ ಠೀವಿ ಬಂದಿತು, ನಿಜ. ಆದರೆ ಚಕ್ರಕ್ಕೆ ಮೇಲೇರಲು ಇದ್ದ ಜಾಗ ಮೊದಲೇ ಕಿರಿದು. ಅದೂ ಹೋಗಿ, ಸಣ್ಣ ಏರಿಳಿತಕ್ಕೂ ಸಸ್ಪೆನ್ಷನ್ ತನ್ನ ಕೊನೆಯ ರಬ್ಬರ್ ತಡೆಗೆ, ಅಂದರೆ ಬಂಪ್ ಸ್ಟಾಪಿಗೆ, ಹೋಗಿ ಗುದ್ದುತ್ತದೆ. ತಿರುವಿನ ನಡುವೆ ಹಾಗಾದರೆ ಆ ಮೂಲೆಯ ಬಿಗಿತ ಒಮ್ಮೆಗೇ ಏರಿ, ಟೈರು ಹಿಡಿತ ಬಿಡುತ್ತದೆ. ಸವಾರ ಒಂದು ಕಡೆ, ಕುದುರೆ ಇನ್ನೊಂದು ಕಡೆ.

ಈ ಪಾಠವನ್ನು ಬೀದಿಗೂ ಟ್ರ್ಯಾಕಿಗೂ ಒಪ್ಪುವಂತೆ ಉದ್ಧರಿಸುವುದು ಹೇಗೆ? ಇಲ್ಲಿ ಮೂರು ಪಂಥಗಳು.

ಅಭೇದವಾದಿಗಳ ಪ್ರಕಾರ ಬೀದಿಯೂ ಟ್ರ್ಯಾಕೂ ಒಂದೇ. ವ್ಯತ್ಯಾಸ ತೋರುವುದು ಅಜ್ಞಾನಿಯ ಸೊಂಟಕ್ಕೆ ಮಾತ್ರ. ಇವರಿಗೆ ಪ್ರಮಾಣ ಸ್ಪೆಕ್ ಮಿಯಾಟಾ ಎಂಬ ರೇಸ್ ವರ್ಗ. ಅಲ್ಲಿ ಮುಂದಿನ ಸ್ಪ್ರಿಂಗು ಅಂಗುಲಕ್ಕೆ 700 ಪೌಂಡು, ಹಿಂದಿನದು 325. ಮುಂದಿನದು ಕಾರ್ಖಾನೆಯ ಸ್ಪ್ರಿಂಗಿಗಿಂತ ನಾಲ್ಕು ಪಟ್ಟು ಬಿರುಸು. (ಇದನ್ನೇ ಮಿಲಿಮೀಟರಿಗೆ ಹನ್ನೆರಡೂವರೆ ಕಿಲೋ ಎನ್ನುವವರೂ ಇದ್ದಾರೆ. ಇಬ್ಬರೂ ಒಂದೇ ಸ್ಪ್ರಿಂಗನ್ನು ಹೊಗಳುತ್ತಲೇ ಊಟದ ಹೊತ್ತಿನವರೆಗೆ ಜಗಳವಾಡಬಲ್ಲರು.)

ಭೇದವಾದಿಗಳು ಪ್ರಾಮಾಣಿಕರು. ಎರಡೂ ಎಂದೆಂದಿಗೂ ಬೇರೆ, ಆದ್ದರಿಂದ ಕಾರೂ ಬೇರೆ ಇರಲಿ ಎನ್ನುತ್ತಾರೆ. ಇವರ ಅಂಗಳದಲ್ಲಿ ಒಂದು ಮಿಯಾಟಾ, ಅದನ್ನು ಹೊರಲು ಟ್ರೇಲರ್, ಟ್ರೇಲರ್ ಎಳೆಯಲು ಟ್ರಕ್ಕು, ಹಾಲು ತರಲು ಮತ್ತೊಂದು ಗಾಡಿ.

ಬಹುಸಂಖ್ಯಾತರು ತಿರುಪುವಾದಿಗಳು. ಶಾಕ್ ಅಬ್ಸಾರ್ಬರಿನ ತಲೆಯ ಮೇಲೊಂದು ಗುಂಡಿ ಇದೆ, ಟ್ರ್ಯಾಕಿನಲ್ಲಿ ಬಲಕ್ಕೆ ತಿರುಪು, ಮನೆಗೆ ಹೊರಟಾಗ ಎಡಕ್ಕೆ, ಇದೇ ಮೋಕ್ಷಮಾರ್ಗ. ಕೇಳಲು ಹಿತ. ಆದರೆ ಗುಂಡಿ ತಿರುಗಿದರೆ ಸ್ಪ್ರಿಂಗಿನ ಬಿರುಸು ಒಂದು ಎಳ್ಳಿನಷ್ಟೂ ಬದಲಾಗದು. ಈ ಕಾರಿಗೆ ಜನಪ್ರಿಯವಾದ ಕೋನಿ ಶಾಕ್‌ಗಳಲ್ಲಿ ಗುಂಡಿ ಆಳುವುದು ಚಕ್ರ ಕೆಳಗಿಳಿಯುವ ರಭಸವನ್ನು ಮಾತ್ರ. ಹಂಪು ಹತ್ತುವಾಗಿನ ಪೆಟ್ಟು ಇದ್ದಷ್ಟೇ ಇರುತ್ತದೆ. ಆ ಡಚ್ ಕಂಪನಿ ಹತ್ತೊಂಬತ್ತನೇ ಶತಮಾನದಲ್ಲಿ ಕುದುರೆಗಾಡಿಗಳ ಸಾಮಾನು ಮಾಡುತ್ತಿತ್ತು ಎಂಬುದನ್ನು ಹಿರಾಯ್ ಅವರ ಕುದುರೆಯೊಂದಿಗೆ ಜೋಡಿಸಿ ಒಂದು ಪಿಎಚ್‌ಡಿ ಮಾಡಬಹುದು. ಅವಕಾಶ ಇನ್ನೂ ಖಾಲಿಯಿದೆ.

ಇನ್ನು ನಮ್ಮ ಸಿದ್ಧಾಂತ. ಮೂರೂ ಪಂಥದವರು ಹೊಳೆಯುವ ಭಾಗಗಳನ್ನೇ ನೋಡಿದರು. ತೋಳುಗಳ ಬುಡದಲ್ಲಿ ಸತ್ತು ಬಿದ್ದಿರುವ ರಬ್ಬರ್ ಬುಶ್‌ಗಳ ಕಡೆ ಯಾರೂ ಬಗ್ಗಿ ನೋಡಲಿಲ್ಲ. ಮೂವತ್ತು ವರ್ಷದ ರಬ್ಬರು ಬಿರುಕು ಬಿಟ್ಟಿರುತ್ತದೆ. ಬ್ರೇಕ್ ಒತ್ತಿದರೆ ತೋಳು ತನಗೆ ತೋಚಿದತ್ತ ಸರಿಯುತ್ತದೆ, ಚಕ್ರ ತನಗೆ ತೋಚಿದತ್ತ ಮುಖ ಮಾಡುತ್ತದೆ. ಅದರ ಮೇಲೆ ಎಷ್ಟು ದುಬಾರಿ ಸ್ಪ್ರಿಂಗ್ ಕೂರಿಸಿದರೂ ಫಲ, ತಪ್ಪು ಪಾಠವನ್ನು ಸುಂದರ ಅಕ್ಷರದಲ್ಲಿ ಬರೆದಷ್ಟೇ.

ಹೊಸ ರಬ್ಬರ್ ಬುಶ್ ಕೂರಿಸುವಾಗಲೂ ಒಂದು ರಹಸ್ಯವಿದೆ. ಕಾರನ್ನು ಜ್ಯಾಕಿನ ಮೇಲಿಟ್ಟು, ಚಕ್ರಗಳು ಜೋತುಬಿದ್ದಿರುವಾಗಲೇ ಬೋಲ್ಟು ಬಿಗಿದರೆ ರಬ್ಬರು ಆ ಜೋತುಬಿದ್ದ ಭಂಗಿಯಲ್ಲೇ ಸೆರೆಯಾಗುತ್ತದೆ. ಕಾರು ಕೆಳಗಿಳಿದ ಕ್ಷಣದಿಂದ ಅದು ಹಗಲಿರುಳೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಭಾರವೆಲ್ಲ ಚಕ್ರಗಳ ಮೇಲೆ ಬಿದ್ದು, ಕಾರು ತನ್ನ ಸಹಜ ಎತ್ತರದಲ್ಲಿ ನಿಂತ ಮೇಲೆಯೇ ಕೊನೆಯ ಬಿಗಿತ. ಅಂದರೆ ಪಂಡಿತನು ಅಂಗಾತ ಮಲಗಿ, ಮೂಗಿಗೂ ಕಾರಿಗೂ ಗೇಣು ಅಂತರದಲ್ಲಿ ಈ ಕರ್ಮವನ್ನು ಪೂರೈಸತಕ್ಕದ್ದು. ಪಾಲಿಯುರಿಥೇನ್ ಬುಶ್ ಹಾಕುವವರಿಗೆ ಈ ಬಂಧನವಿಲ್ಲ. ಅವರಿಗೆ ಕಿರುಗುಟ್ಟುವಿಕೆ ಇದೆ, ಗ್ರೀಸಿನ ಡಬ್ಬಿ ಇದೆ.

ಅಲೈನ್‌ಮೆಂಟಿನ ಬಗ್ಗೆ ಹೇಳುವುದು ಸ್ವಲ್ಪವೇ. ಚಕ್ರದ ಕೋನಗಳನ್ನು ತಿದ್ದಲು ಮಾಜ್ದಾ ಕೊಟ್ಟಿರುವ ವಕ್ರಕೇಂದ್ರದ ಬೋಲ್ಟುಗಳು ಬುಶ್‌ನ ಒಳಕೊಳವೆಗೆ ತುಕ್ಕಿನಿಂದ ಬೆಸೆದುಕೊಂಡಿರುತ್ತವೆ. ಅವುಗಳನ್ನು ಬಿಡಿಸುವಾಗ ಉಚ್ಚರಿಸುವ ಮಂತ್ರಗಳು ಪ್ರಕಟಣೆಗೆ ಅರ್ಹವಲ್ಲ. ಬಿಡಿಸಿದ ಮೇಲೆ ಚಕ್ರಗಳ ನೆತ್ತಿಯನ್ನು ಒಂದೂವರೆ ಡಿಗ್ರಿಯಷ್ಟು ಒಳಕ್ಕೆ ವಾಲಿಸಿದರೆ ಬೀದಿಯ ಟೈರೂ ಅಷ್ಟಾಗಿ ಸವೆಯದು, ಟ್ರ್ಯಾಕಿನ ತಿರುವೂ ಸಿಟ್ಟಾಗದು.

ಪರೀಕ್ಷೆ ನಡೆದದ್ದು ಲಗುನಾ ಸೆಕಾದಲ್ಲಿ. 1957ರಲ್ಲಿ ತೆರೆದ ಈ ಟ್ರ್ಯಾಕಿಗೆ ಈಗ 11 ತಿರುವು, ಸುಮಾರು 3.6 ಕಿ.ಮೀ. ಉದ್ದ. ‘ಕಾರ್ಕ್‌ಸ್ಕ್ರೂ’ ಎಂಬಲ್ಲಿ ದಿಬ್ಬದಾಚೆ ಏನೂ ಕಾಣದೆ ಎಡಕ್ಕೂ ಬಲಕ್ಕೂ ಹೊರಳುತ್ತ ಸುಮಾರು 18 ಮೀಟರ್ ಕೆಳಕ್ಕೆ ಧುಮುಕಬೇಕು. ಚಕ್ರ ಕೆಳಗಿಳಿದು ನೆಲವನ್ನು ಹುಡುಕಬೇಕಾದ ಜಾಗ ಅದು. ಬಿರುಸೇ ಶ್ರೇಷ್ಠವೆನ್ನುವವರ ಸಿದ್ಧಾಂತ ಅಲ್ಲಿ ಒಂದು ಗಳಿಗೆ ಗಾಳಿಯಲ್ಲಿರುತ್ತದೆ. ಬುಶ್ ಬದಲಿಸಿದ, ಕಾರ್ಖಾನೆಯ ಎತ್ತರಕ್ಕೆ ಮರಳಿದ, ಸಾಧಾರಣ ಸ್ಪ್ರಿಂಗಿನ ‘ಫ್ರೀ’ ಪ್ರತಿ ಅಲ್ಲಿ ಯಾರನ್ನೂ ಹಿಂದಿಕ್ಕಲಿಲ್ಲ, ಯಾರಿಗೂ ಹೆದರಲೂ ಇಲ್ಲ.

ಬೀದಿಯ ಪರೀಕ್ಷೆಗೆ ಪ್ರತ್ಯಕ್ಷಪ್ರಮಾಣವಾಗಿ ಒದಗಿದವರು ಎಂಜಿನಿಯರರ ತಾಯಿ, ಹಾಸನದಿಂದ ಆರು ತಿಂಗಳಿಗೆಂದು ಬಂದಿದ್ದವರು. ಮಗ ಇನ್ನೂ ಅಭೇದವಾದಿಯಾಗಿದ್ದು ಬಿರುಸು ಸ್ಪ್ರಿಂಗು ಹಾಕಿಸಿದ್ದ ಕಾಲದಲ್ಲಿ ಒಮ್ಮೆ ಹೆದ್ದಾರಿಯ ಕಾಂಕ್ರೀಟ್ ಕೀಲುಗಳ ಮೇಲೆ ಕುಕ್ಕುತ್ತ ಹೋಗುವಾಗ ಅವರು ಕೇಳಿದ್ದರು: “ಇದನ್ನ ದುಡ್ಡು ಕೊಟ್ಟು ಹಾಕ್ಸಿದ್ಯೇನೋ? ಅವ್ರೇ ನಿಂಗೆ ಕೊಟ್ಟಿದ್ರೆ ಒಂದು ಮಾತು.” ಹೊಸ ಪಾಠದಲ್ಲಿ ಅದೇ ದಾರಿ ಹಿಡಿದಾಗ ಅವರು ನಿದ್ದೆಹೋದರು. ಇದಕ್ಕಿಂತ ಸೂಕ್ಷ್ಮವಾದ ಮಾಪಕ ಎಲ್ಲೂ ತಯಾರಾಗುತ್ತಿಲ್ಲ.

ಉಳಿದದ್ದು ವೆಚ್ಚಕಾಂಡ. ಈ ಕೃತಿಯ ಎಲ್ಲ ಪ್ರತಿಗಳಲ್ಲೂ ಬೆಲೆಗಳನ್ನು ನಮೂದಿಸಿದ ಗರಿಗಳು ಲುಪ್ತವಾಗಿವೆ. ಗೆದ್ದಲು ಹಿಡಿದದ್ದಲ್ಲ, ರಸೀತಿಗಳ ಅಂಚು ನೇರವಾಗಿ ಹರಿದಿದೆ. ಪಾರ್ಸೆಲ್‌ಗಳೆಲ್ಲ ಆಫೀಸಿನ ವಿಳಾಸಕ್ಕೇ ಬಂದಿರುವುದರಿಂದ ಮನೆಯಲ್ಲಿ ಸಾಕ್ಷಿಗಳೂ ಇಲ್ಲ. ಎಂಜಿನಿಯರರ ಪತ್ನಿ ಈ ಬಗ್ಗೆ ಸ್ವತಂತ್ರ ಸಂಶೋಧನೆ ಕೈಗೊಂಡಿದ್ದಾರೆ.