ದೂರವಾಣಿ ಸಂದರ್ಶನ ಮೀಮಾಂಸೆ: ಕಾಗವಾಡ ಪಾಠಾಂತರ

ಶಾಸ್ತ್ರಕಾರನಾದವನು ಮೊದಲು ಮೂಲ ಹುಡುಕಬೇಕು. 1876ರ ಮಾರ್ಚ್ 10ರಂದು ಗ್ರಹಾಂ ಬೆಲ್ ಯಂತ್ರದಲ್ಲಿ ಬಾಯಿಟ್ಟು ಕರೆದದ್ದು ಬೇರೆ ಕೋಣೆಯಲ್ಲಿದ್ದ ಸಹಾಯಕ ವಾಟ್ಸನ್‌ನನ್ನು. ಅಂದರೆ ಜಗತ್ತಿನ ಮೊದಲ ಫೋನೇ ಸಾಹೇಬ ಆಳಿಗೆ ಮಾಡಿದ್ದು. ವಾಟ್ಸನ್ ಎದ್ದು ಹೋದ. ಎದ್ದು ಹೋಗುವಷ್ಟು ಹತ್ತಿರವಿದ್ದ. ಕಾಗವಾಡದ ಉಮೇದುವಾರನಿಗೆ ಆ ಅನುಕೂಲವಿಲ್ಲ.

ಸ್ಥಳ ಪ್ರಕರಣ. ‘ಸದ್ದಿಲ್ಲದ ಕೋಣೆಯಲ್ಲಿ ಕೂಡತಕ್ಕದ್ದು’ ಎಂಬುದು ಪೂರ್ವಪಕ್ಷ. ನಮ್ಮಲ್ಲಿ ಸದ್ದಿಲ್ಲದ ಕೋಣೆಯಲ್ಲಿ ರೇಂಜೂ ಇರುವುದಿಲ್ಲ. ಅದಿರುವುದು ಮಾಳಿಗೆ ಮೇಲೆ, ನೀರಿನ ಟಾಕಿಯ ಮಗ್ಗುಲಲ್ಲಿ, ಕುತ್ತಿಗೆ ವಾರೆ ಮಾಡಿ ನಿಂತರೆ. ಅಲ್ಲಿಯೂ ಸಿಗುವ ಟವರ್ ಗಡಿಯಾಚೆ ಮಹಾರಾಷ್ಟ್ರದ ಮಿರಜ ಕಡೆಯದು. ಗಡಿ ತಕರಾರಿನ ಬಗ್ಗೆ ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟಿದ್ದರೂ ಟವರಿಗೆ ಅದರ ಪ್ರತಿ ಮುಟ್ಟಿದಂತಿಲ್ಲ. ಬಂದ ಕರೆಗೂ ರೋಮಿಂಗ್ ದುಡ್ಡು ಹೋಗುತ್ತಿದ್ದ ಕಾಲದಲ್ಲಿ ‘ನಿಮ್ಮ ದೌರ್ಬಲ್ಯವೇನು?’ ಎಂದರೆ ‘ಬ್ಯಾಲೆನ್ಸ್ ರೀ’ ಎಂಬುದೇ ಸತ್ಯವಾದ ಉತ್ತರ. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ರೋಮಿಂಗಿನಲ್ಲಿ ಬಂದ ಕರೆಯನ್ನು ಪುಕ್ಕಟೆ ಮಾಡಿ, ಇದ್ದೊಂದು ಸತ್ಯವನ್ನೂ ಕಸಿದುಕೊಂಡಿತು.

ಯಾವೂರು ಎಂದರೆ ಬೆಂಗಳೂರಿನವರಿಗೆ ‘ಅಥಣಿ ಹತ್ರ’, ಪುಣೆಯವರಿಗೆ ‘ಮಿರಜ್ ಜವಳ್’. ಕಾಗವಾಡವೇ ಈಗ ತಾಲೂಕು. ಫೋನಿನಲ್ಲಿ ಮಾತ್ರ ಇನ್ನೂ ಯಾವುದೋ ಊರಿನ ಹತ್ತಿರ.

‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆ ಈ ಸೀಮೆಗೆ ಹೊರಗಿನದು. ಇಲ್ಲಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಪದ್ಧತಿಯಿಲ್ಲ; ಅದಕ್ಕೆ ಓಣಿ ಇದೆ.

ಈಗ ಉದಾಹರಣೆ. ನಮ್ಮ ಓಣಿಯ ಹುಡುಗನೊಬ್ಬ ಕಬ್ಬಿನ ಹಂಗಾಮಿನಲ್ಲಿ ಸಂದರ್ಶನದ ಫೋನು ಹಿಡಿದು ಟಾಕಿ ಮಗ್ಗುಲಲ್ಲಿ ನಿಂತಿದ್ದ. ಕಂಪನಿಯ ಮೇಡಮ್ಮು ‘ಒತ್ತಡ ಹೇಗೆ ನಿಭಾಯಿಸ್ತೀರಿ?’ ಎನ್ನುವುದಕ್ಕೂ ಉಗಾರ ಕಾರ್ಖಾನೆಗೆ ಹೊರಟ ಎರಡು ಟ್ರಾಲಿಯ ಟ್ರ್ಯಾಕ್ಟರು ಜಾನಪದ ಹಾಡು ಹಚ್ಚಿಕೊಂಡು ಬರುವುದಕ್ಕೂ ಸರಿಹೋಯಿತು. ಅದು ದಾಟಿತೆನ್ನುವಾಗ ಕೆಳಗಿನಿಂದ ಅವ್ವ: “ಯಾರದಲೇ ಫೋನು? ರೊಟ್ಟಿ ಆರಾಕತ್ತಾವು!”

“ಯಾರದು?” ಎಂದರು ಮೇಡಮ್ಮು.

“ನಮ್ಮ ಮ್ಯಾನೇಜರ್ ರೀ.”

ಅಷ್ಟರವರೆಗೆ ಹುಡುಗ ಗೆದ್ದಿದ್ದ. ಸೋತದ್ದು ಸಂಬಳ ಪ್ರಕರಣದಲ್ಲಿ. ಈ ಗ್ರಂಥದ ತಿರುಳೂ ಅಲ್ಲೇ ಇದೆ. ಕಬ್ಬು ಬೆಳೆದು, ಕಡಿಸಿ, ಹೇರಿ, ಕಾಟಾ ಮಾಡಿಸಿ ಕೊಟ್ಟ ಮೇಲೂ ದರಕ್ಕಾಗಿ ರಸ್ತೆಯಲ್ಲಿ ಕೂಡುವ ಮನೆತನ ಅವನದು. ಒಂದು ದಿನವೂ ದುಡಿಸಿಕೊಳ್ಳದೆ ‘ಎಷ್ಟು ಬೇಕು?’ ಎಂದು ಕೇಳುವ ಧಣಿಯನ್ನು ಅವನ ವಂಶದಲ್ಲಿ ಯಾರೂ ಕಂಡಿಲ್ಲ. ಇದರಲ್ಲೇನೋ ಮೋಸವಿದೆ ಎಂದು ಬೆದರಿ, ಅಪ್ಪನ ಬಾಯಿಂದ ಕೇಳಿದ್ದನ್ನೇ ಅಂದುಬಿಟ್ಟ: “ಬಾಜೂ ಕಾರ್ಖಾನೆಯವರು ಏನ್ ಕೊಡತಾರ, ಅದಕ್ಕಿಂತ ನೂರು ರೂಪಾಯಿ ಜಾಸ್ತಿ ಕೊಡ್ರಿ.”

ಮೇಡಮ್ಮು ‘ತಿಳಿಸ್ತೀವಿ’ ಎಂದರು. ಈ ಪದಕ್ಕೆ ಭಾಷ್ಯ ಬರೆಯುವುದು ಕಷ್ಟ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬಿನ ಬಿಲ್ಲು 14 ದಿನದೊಳಗೆ ಕೊಡಬೇಕು. ‘ತಿಳಿಸ್ತೀವಿ’ಗೆ ಯಾವ ಆದೇಶವೂ ಇಲ್ಲ. ಹುಡುಗ ಮಾತ್ರ 14 ದಿನ ಎಣಿಸಿದ. ಹದಿನೈದನೆಯ ದಿನ ಟಾಕಿ ಮಗ್ಗುಲಲ್ಲಿ ಫೋನು ಟಣ್ ಎಂದಿತು. ಗಡಬಡಿಸಿ ತೆಗೆದು ನೋಡಿದರೆ ‘ಮಹಾರಾಷ್ಟ್ರಕ್ಕೆ ಸ್ವಾಗತ’ ಎಂದಿತ್ತು.